ಕಡ್ಡಿ-ಕುಣಿಕೆ: ಗೌರಿಗೆ ಹಿಡಿದರೆ ದೀಪಾವಳಿಗೆ ಅಂಗಿ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಶಾಲೆಯಲ್ಲಿ ಪಾಠ ಹೇಳುವವರು. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಮೂರು ತಿಂಗಳ ಮಗ. "ಮಗಳು ಹೊಟ್ಟೆಯಲ್ಲಿದ್ದಾಗ ಒಂದು ಸ್ವೆಟರ್ ಶುರು ಮಾಡಿದೆ. ಬೆನ್ನು ಮುಗಿಯಿತು, ಒಂದು ತೋಳೂ ಮುಗಿಯಿತು. ಅಷ್ಟರಲ್ಲಿ ಅವಳು ಹುಟ್ಟಿದಳು. ಅದು ಹಾಗೆಯೇ ಒಂದೇ ತೋಳಿನಲ್ಲಿ ಟ್ರಂಕಿನಲ್ಲಿದೆ. ಮಗನಿಗಾದರೂ ನನ್ನ ಕೈಯಾರೆ ಏನಾದರೂ ಹೆಣೆಯಬೇಕು ಅಂತ ಆಸೆ. ಆದರೆ ಹೊತ್ತು ಎಲ್ಲಿದೆ? ನಮ್ಮತ್ತೆಯವರು ನೋಡಿದರೆ, ನಮ್ಮ ಕಾಲದಲ್ಲಿ ಒಂದು ಬಾಣಂತನಕ್ಕೆ ನಾಲ್ಕು ಸ್ವೆಟರ್ ಹೆಣೆಯುತ್ತಿದ್ದೆವಮ್ಮ ಅಂತಾರೆ. ನಮ್ಮಂಥವರು ಈ ಆಸೆ ಬಿಟ್ಟುಬಿಡೋದೇ ವಾಸಿಯೇ?"

ಬಿಡಬೇಡಿ. ಒಂದೇ ತೋಳಿನ ಸ್ವೆಟರು ನಮ್ಮ ನಾಡಿನ ಎಷ್ಟು ಟ್ರಂಕುಗಳಲ್ಲಿ ಮಲಗಿದೆಯೋ, ಎಣಿಸಿದವರಿಲ್ಲ. ಅದಕ್ಕೆ ಕಾರಣ ಸೋಮಾರಿತನ ಅಲ್ಲ, ಲೆಕ್ಕ. ಅಡಿಗೆಗೆ ಅಕ್ಕಿ ಅಳೆದು ಹಾಕುತ್ತೇವೆ, ಹಬ್ಬಕ್ಕೆ ಬೆಲ್ಲ ಲೆಕ್ಕ ಹಾಕಿ ತರುತ್ತೇವೆ. ಹೆಣಿಗೆಗೆ ಮಾತ್ರ ಪುಸ್ತಕದಲ್ಲಿ ಚೆಂದ ಕಂಡ ಚಿತ್ರ ನೋಡಿ ಕಡ್ಡಿ ಹಿಡಿದುಬಿಡುತ್ತೇವೆ. ಅತ್ತೆಯವರ ಮಾತೂ ಸುಳ್ಳಲ್ಲ. ಆದರೆ ಆ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳುವ ಕೈಗಳು ಆರೆಂಟು ಇರುತ್ತಿದ್ದವು. ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿಯುವ ತಾಯಂದಿರು ಕಡಿಮೆ.

ಹಾಗಾದರೆ ಲೆಕ್ಕ ಮಾಡೋಣ. ಕೆಳಗೆ ನಾನು ಹೇಳಲಿರುವ ತೋಳಿಲ್ಲದ ಪುಟ್ಟ ಸ್ವೆಟರಿಗೆ ಹೆಚ್ಚುಕಡಿಮೆ 17 ಸಾವಿರ ಕುಣಿಕೆ ಹೆಣೆಯಬೇಕು. ಗಾಬರಿಯಾಗಬೇಡಿ. ಸಾಧಾರಣ ಕೈ ನಿಮಿಷಕ್ಕೆ 20 ಕುಣಿಕೆ ಹೆಣೆಯುತ್ತದೆ. ಅಂದರೆ ಒಟ್ಟು 14 ಗಂಟೆಯ ಕೆಲಸ. ದಿನಕ್ಕೆ 20 ನಿಮಿಷ ಸಿಕ್ಕಿದರೆ 42 ದಿನ, ಆರು ವಾರ. ಇದಕ್ಕೇ ಎರಡು ತೋಳು ಸೇರಿಸಿದಿರೋ, ಇನ್ನೂ ಎಂಟೊಂಬತ್ತು ಸಾವಿರ ಕುಣಿಕೆ, ಇನ್ನೂ ಮೂರು ವಾರ. ಸ್ವೆಟರುಗಳು ನಿಂತುಹೋಗುವುದು ಎಲ್ಲಿ ಎಂದು ಈಗ ತಿಳಿಯಿತಲ್ಲ? ತೋಳಿನಲ್ಲಿ!

ಗೌರಿ ಹಬ್ಬದಿಂದ ದೀಪಾವಳಿ ಅಮಾವಾಸ್ಯೆಗೆ ಎರಡು ತಿಂಗಳಿಗೆ ಮೂರು ದಿನ ಕಡಿಮೆ. ಬಾಗಿನ ಕೊಟ್ಟ ಮರುದಿನ ಶುರು ಮಾಡಿದರೂ 42 ದಿನ ಹೋಗಿ ಹದಿನೈದು ದಿನ ಕೈಯಲ್ಲಿ ಉಳಿಯುತ್ತದೆ. ಆ ಹದಿನೈದು ದಿನವನ್ನು ಮಗುವಿನ ಶೀತ, ನೆಂಟರು, ನವರಾತ್ರಿಯ ಗೊಂಬೆ, ಪರೀಕ್ಷೆ ಪೇಪರುಗಳ ತಿದ್ದುವಿಕೆ, ಇವಕ್ಕೆಲ್ಲ ಈಗಲೇ ಬರೆದುಕೊಟ್ಟುಬಿಡಿ. ಅವು ಬರದೆ ಇರುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ನೀವು ಹೆಣೆಯುತ್ತಿರುವಾಗ ಮಗು ಕಾಯುತ್ತ ಕೂತಿರುವುದಿಲ್ಲ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿದ್ದ ಕೂಸು ವರ್ಷ ತುಂಬುವಾಗ 75 ಆಗುತ್ತದೆ. ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ತಲೆಯ ಸುತ್ತಳತೆ ಹುಟ್ಟಿದಾಗ 34 ಸೆಂಟಿಮೀಟರ್ ಇದ್ದದ್ದು ಆರು ತಿಂಗಳಿಗೆ 42-43, ವರ್ಷಕ್ಕೆ 45-46. ಆದ್ದರಿಂದ ಈ ಹೊತ್ತಿನ ಮಗುವಿನ ಮೈಗೆ ಟೇಪು ಹಿಡಿದು ಅಳತೆ ತೆಗೆದರೆ ಕೆಲಸ ಕೆಟ್ಟಿತು. ಅಂಗಿ ಮುಗಿದ ದಿನ ಅಲ್ಲ, ಚಳಿ ಬಂದ ದಿನ ಮಗುವಿಗೆ ಎಷ್ಟು ತಿಂಗಳಾಗಿರುತ್ತದೆ ಅಂತ ಬೆರಳು ಮಡಚಿ ಎಣಿಸಿ. ನಮ್ಮ ಟೀಚರಮ್ಮನ ಮಗನಿಗೆ ಡಿಸೆಂಬರಿನಲ್ಲಿ ಆರು ತಿಂಗಳು ದಾಟಿರುತ್ತದೆ. ಅವನಿಗೆ ಒಂದು ವರ್ಷದ ಅಳತೆ ಹೆಣೆಯಬೇಕು. ಹೆಗಲು ಸ್ವಲ್ಪ ಇಳಿಬಿದ್ದರೆ ಏನೂ ಹಾಳಾಗುವುದಿಲ್ಲ. ಬಿಗಿಯಾದ ಅಂಗಿಯೊಳಗೆ ಕೂಸಿನ ಕೈ ತೂರಿಸುವ ಕಷ್ಟ ಒಮ್ಮೆ ಪಟ್ಟವರು ಸಡಿಲವನ್ನೇ ಕೇಳುತ್ತಾರೆ.

ತೋಳಿಲ್ಲದ್ದು ಸಾಕೇ, ಚಳಿಯಾಗದೇ? ಇದು ನೀವು ಕೇಳುವ ಪ್ರಶ್ನೆ. ನಮ್ಮ ಕೈಗೆ ಸಿಗುವ ಹೆಣಿಗೆ ಪುಸ್ತಕಗಳು ಬಹಳಷ್ಟು ಹಿಮ ಬೀಳುವ ಊರಿನವು. ಅಲ್ಲಿಯ ಮಗುವಿಗೆ ತುಂಬು ತೋಳು, ಕತ್ತಿನವರೆಗೆ ಕಾಲರು, ಉಲ್ಲನ್ ಚಡ್ಡಿ ಎಲ್ಲ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿ 15-16 ಡಿಗ್ರಿ, ಮಧ್ಯಾಹ್ನ ಮತ್ತೆ 26-27. ಬೆಳಿಗ್ಗೆ ಸ್ವೆಟರ್, ಹನ್ನೊಂದು ಗಂಟೆಗೆ ಬೆವರು. ಧಾರವಾಡ, ಬೆಳಗಾವಿ, ಬೀದರ ಕಡೆಯೂ ಹಗಲಿನ ಬಿಸಿಲು ಹೀಗೆಯೇ. ಮಡಿಕೇರಿ, ಚಿಕ್ಕಮಗಳೂರಿನ ತೋಟದ ಮನೆಯವರು ತೋಳು ಬೇಕೆಂದರೆ ಒಪ್ಪುತ್ತೇನೆ. ಮಂಗಳೂರು, ಉಡುಪಿಯ ಸೋದರಿಯರು ಉಲ್ಲನ್ನಿನ ಗೋಜಿಗೇ ಹೋಗಬೇಡಿ. ಹತ್ತಿ ನೂಲಿನಲ್ಲಿ ಇದೇ ಅಂಗಿಯನ್ನು ಹೆಣೆದರೆ ಮಳೆಗಾಲದ ಸಂಜೆಗೆ ಹಿತವಾಗಿರುತ್ತದೆ. ಮಿಕ್ಕವರಿಗೆ ಒಳಗೊಂದು ತುಂಬು ತೋಳಿನ ಹತ್ತಿ ಅಂಗಿ, ಮೇಲೆ ಎದೆ-ಬೆನ್ನು ಮುಚ್ಚುವ ಈ ತೋಳಿಲ್ಲದ್ದು, ಇಷ್ಟು ಸಾಕು. ಮುಂದೆ ಬಿಚ್ಚುವಂತಿದ್ದರೆ ಮಲಗಿದ ಮಗುವನ್ನು ಎಬ್ಬಿಸದೆ ತೆಗೆಯಲೂಬಹುದು.

ಮಗುವಿಗೆ ಚಳಿಯೋ ಸೆಕೆಯೋ ಎಂದು ಅಂಗೈ-ಅಂಗಾಲು ಮುಟ್ಟಿ ನೋಡಬೇಡಿ. ಕೂಸಿನ ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ. ಬೆವರಿ ಒದ್ದೆಯಾಗಿದ್ದರೆ ಒಂದು ಬಟ್ಟೆ ತೆಗೆಯಿರಿ. ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ.

"ಇಷ್ಟೆಲ್ಲ ಯಾಕೆ, ಚಳಿಗಾಲದಲ್ಲಿ ಟಿಬೆಟಿನವರ ಅಂಗಡಿಯಲ್ಲಿ ರಾಶಿ ಸ್ವೆಟರ್ ಸಿಗುತ್ತಲ್ಲ" ಅಂತ ಮನೆಯ ಯಜಮಾನರು ಅಂದರೆ ಅವರ ಮಾತಿನಲ್ಲೂ ಹುರುಳಿದೆ. ಧಾರಾಳವಾಗಿ ತನ್ನಿ. ಎರಡು ಕೊಂಡುಕೊಂಡರೆ ಒಂದು ಒಗೆತದಲ್ಲಿ, ಒಂದು ಮೈಮೇಲೆ. ದುಡ್ಡು ಉಳಿಸಲು ಹೆಣೆಯುತ್ತೇನೆ ಅನ್ನುವ ಕಾಲ ಹೋಯಿತು. ಯಂತ್ರದ ಸ್ವೆಟರಿಗಿಂತ ಕೆಲವು ಸಲ ಉಲ್ಲನ್ನೇ ತುಟ್ಟಿ. ಹಾಗಾದರೆ ಏತಕ್ಕೆ? ಮಗುವಿಗೆ ಒಗ್ಗುವ ನೂಲನ್ನು ನೀವೇ ಮುಟ್ಟಿ ನೋಡಿ ಆರಿಸುತ್ತೀರಿ, ಹೊಲಿಗೆಯ ಗಂಟು ಮೈಗೆ ಒತ್ತದಂತೆ ಮಾಡುತ್ತೀರಿ, ಗಿಡ್ಡವಾದಾಗ ಬಿಚ್ಚಿ ಉದ್ದ ಮಾಡುತ್ತೀರಿ. ಇನ್ನೊಂದೂ ಇದೆ. ಇಡೀ ದಿನ ತೊಳೆದದ್ದು ಮತ್ತೆ ಕೊಳೆಯಾಗುತ್ತದೆ, ಬೇಯಿಸಿದ್ದು ಖಾಲಿಯಾಗುತ್ತದೆ. ನಿನ್ನೆ ಹೆಣೆದ ನಾಲ್ಕು ಸಾಲು ಮಾತ್ರ ಇವತ್ತೂ ನಾಲ್ಕು ಸಾಲಾಗಿಯೇ ಇರುತ್ತದೆ. ಚಿಕ್ಕ ಮಕ್ಕಳ ತಾಯಿಗೆ ಇದು ಸಣ್ಣ ಸಮಾಧಾನವಲ್ಲ.

ಈಗ ನೂಲು. ನಮ್ಮ ಚಳ್ಳಕೆರೆಯ ಕಂಬಳಿಗೆ ನಾನು ಯಾರಿಗೂ ಕಡಿಮೆ ಇಲ್ಲದ ಅಭಿಮಾನಿ. ಆದರೆ ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಮೆತ್ತಗಿನ ಉಲ್ಲನ್ ಅಂದರೆ ಮೆರಿನೋ ಕುರಿಯದು. ಆ ಉಣ್ಣೆ ಬಹುಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ. ಅಂಗಡಿಯಲ್ಲಿ "ಬೇಬಿ ಉಲ್ಲನ್" ಎಂದೋ "ಕ್ಯಾಶ್ಮಿಲಾನ್" ಎಂದೋ ಕೊಡುವುದು ಸಾಮಾನ್ಯವಾಗಿ ಉಣ್ಣೆಯೇ ಅಲ್ಲ, ಅಕ್ರಿಲಿಕ್. ಅದು ಕೆಟ್ಟದ್ದೇನಲ್ಲ. ಮೆತ್ತಗೆ, ಅಗ್ಗ, ದಿನಾ ಒಗೆದರೂ ಕುಗ್ಗುವುದಿಲ್ಲ. ಚೀಟಿ ಇಲ್ಲದ ನೂಲು ಯಾವುದೆಂದು ತಿಳಿಯಬೇಕಾದರೆ ಒಂದು ಗೇಣು ತುಂಡನ್ನು ತಟ್ಟೆಯ ಮೇಲೆ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಈ ಕರಗುವ ಗುಣ ನೆನಪಿರಲಿ. ಎಣ್ಣೆ ನೀರಾದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವ ಮನೆಗಳಲ್ಲಿ ಕೆಂಡದ ಹತ್ತಿರ ಅಕ್ರಿಲಿಕ್ ತೊಡಿಸಿ ಕೂರಿಸಬಾರದು. ಹೊಗೆಯೇ ಎಳೆಯ ಶ್ವಾಸಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ ಮಕ್ಕಳ ವೈದ್ಯರು. ಹಿರಿಯರಿಗೆ ಮೆಲ್ಲಗೆ ಹೇಳಿ ನೋಡಿ. ಇನ್ನು ಪುಸುಪುಸು ಕೂದಲೆದ್ದ ಉಲ್ಲನ್ ಎಷ್ಟೇ ಮುದ್ದಾಗಿ ಕಂಡರೂ ಬೇಡ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು, ಆ ಎಳೆಗಳೆಲ್ಲ ಬಾಯಿಗೆ ಹೋಗುತ್ತವೆ.

ಟ್ರಂಕಿನಲ್ಲಿರುವ ಒಂಟಿ ತೋಳಿನ ಸ್ವೆಟರನ್ನು ದಾಕ್ಷಿಣ್ಯವಿಲ್ಲದೆ ಬಿಚ್ಚಿ. ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದಲ್ಲ, ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಹಿಂಡದೆ ನೆರಳಿನಲ್ಲಿ ತೂಗುಹಾಕಿ, ಕೆಳಗೆ ಒಂದು ಹಗುರವಾದ ಲೋಟ ಕಟ್ಟಿದರೆ ಒಣಗುವಾಗ ನೇರವಾಗುತ್ತದೆ. ಉಂಡೆ ಸುತ್ತುವ ಕೆಲಸ ಯಜಮಾನರಿಗೆ ಬಿಡಿ. ಹೆಣಿಗೆ ಹೆಂಗಸರ ಕೆಲಸವೆಂದು ಅವರು ನುಣುಚಿಕೊಂಡರೆ ಪೆರು ದೇಶದ ಟಕೀಲೆ ದ್ವೀಪದ ವಿಚಾರ ಹೇಳಿ. ಅಲ್ಲಿ ಹೆಣೆಯುವವರು ಗಂಡಸರೇ, ಹುಡುಗರು ಚಿಕ್ಕಂದಿನಿಂದ ಕಲಿಯುತ್ತಾರೆ. ಆ ದ್ವೀಪದ ನೇಯ್ಗೆ-ಹೆಣಿಗೆಯನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆಯೆಂದು ಗುರುತಿಸಿದೆ!

ಹೊಸದಾಗಿ ಕೊಳ್ಳುವುದಾದರೆ ನಾಲ್ಕು ಎಳೆಯ ಉಲ್ಲನ್ 100 ಗ್ರಾಂ, 10ನೇ ನಂಬರಿನ ಒಂದು ಜೊತೆ ಕಡ್ಡಿ. ಮಿಲಿಮೀಟರಿನಲ್ಲಿ ಕೇಳುವುದಾದರೆ 3.25. ಎಲ್ಲ ಉಂಡೆಗಳ ಚೀಟಿಯಲ್ಲೂ ಬಣ್ಣದ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಆಮೇಲೆ ಒಂದುಂಡೆ ತರುತ್ತೇನೆಂದರೆ ಅದೇ ಗುಲಾಬಿ ಮತ್ತೆ ಸಿಗುವುದಿಲ್ಲ. ಎದ್ದಾಡುವ ಮಗು ಮನೆಯಲ್ಲಿದ್ದರೆ ನೀಳ ಕಡ್ಡಿಗಿಂತ ನಡುವೆ ವಯರು ಇರುವ ದುಂಡು ಕಡ್ಡಿ ಒಳ್ಳೆಯದು. ಚಿಕ್ಕದು, ಮಡಿಲಲ್ಲೇ ಇರುತ್ತದೆ, ಪಕ್ಕದಲ್ಲಿ ಬಂದು ಕೂತವರ ಕಣ್ಣಿಗೆ ತಾಗುವುದಿಲ್ಲ.

ಮಾದರಿಗೆ ಬರೋಣ. ಇದರಲ್ಲಿ ಉಲ್ಟಾ ಹೆಣಿಗೆಯೇ ಇಲ್ಲ, ಎಲ್ಲ ಸಾಲೂ ಸೀದಾ. ಸೊಗಸು ಕಡಿಮೆ ಎನ್ನಬೇಡಿ. ಮಗು ಅತ್ತಾಗ ಸಾಲಿನ ನಡುವೆ ಎದ್ದುಹೋಗಿ, ಮೂರು ದಿನ ಬಿಟ್ಟು ಬಂದರೂ "ನಾನು ಯಾವ ಸಾಲಿನಲ್ಲಿದ್ದೆ?" ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಎರಡು ಸಾಲಿಗೆ ಒಂದು ಉಬ್ಬು ಗೆರೆ ಏಳುತ್ತದೆ. ಗೆರೆ ಎಣಿಸಿದರೆ ಸಾಕು, ಪುಸ್ತಕದಲ್ಲಿ ಗುರುತು ಹಾಕುವ ರಗಳೆಯಿಲ್ಲ. ಮೊದಲು 30 ಕುಣಿಕೆ ಹಾಕಿ ಒಂದು ಚೌಕ ಹೆಣೆದು ನೋಡಿ. 10 ಸೆಂಟಿಮೀಟರಿಗೆ 26 ಕುಣಿಕೆ, ಮೇಲಕ್ಕೆ 25 ಗೆರೆ ಬರಬೇಕು. ಕುಣಿಕೆ ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, ಒಂದು ನಂಬರ್ ದಪ್ಪ ಕಡ್ಡಿ ತೆಗೆದುಕೊಳ್ಳಿ. ಕಡಿಮೆ ಬಂದರೆ ಸಣ್ಣದು.

ಬೆನ್ನಿನ ಕೆಳ ಅಂಚಿನಿಂದ ಶುರು. 68 ಕುಣಿಕೆ ಹಾಕಿಕೊಂಡು 35 ಗೆರೆ ಹೆಣೆಯಿರಿ. 14 ಸೆಂಟಿಮೀಟರ್ ಆಗುತ್ತದೆ. ಕಂಕುಳಿಗಾಗಿ ಮುಂದಿನ ಎರಡು ಸಾಲುಗಳ ಮೊದಲಲ್ಲಿ ಆರಾರು ಕುಣಿಕೆ ಮುಚ್ಚಿ. ಉಳಿದ 56ರ ಮೇಲೆ 30 ಗೆರೆ ನೇರ ಹೆಣೆಯಿರಿ. ಈಗ ಹೆಗಲಿಗೆ ಬಂದಿರಿ. 17 ಹೆಣೆದು, ನಡುವಿನ 22 ಮುಚ್ಚಿ, ಮಿಕ್ಕ 17 ಹೆಣೆಯಿರಿ. ಮುಚ್ಚಿದ್ದು ಕತ್ತಿನ ಹಿಂಭಾಗ. ಒಂದು ಕಡೆಯ 17 ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಬದಿಗಿಡಿ.

ಇನ್ನೊಂದು ಕಡೆಯ 17ನ್ನು ಕತ್ತರಿಸದೆ ಹಾಗೆಯೇ ಮುಂದುವರಿಸಿದರೆ ಎದೆಯ ಭಾಗ ಇಳಿಯುತ್ತ ಬರುತ್ತದೆ. ಹೆಗಲಿನಲ್ಲಿ ಹೊಲಿಗೆಯೇ ಇಲ್ಲ, ನೋಡಿ! ಎರಡು ಗೆರೆ ನೇರ. ಆಮೇಲೆ ಕತ್ತಿನ ಕಡೆಯ ಅಂಚಿನಲ್ಲಿ ಗೆರೆಗೊಂದರಂತೆ 15 ಸಲ ಒಂದೊಂದು ಕುಣಿಕೆ ಹೆಚ್ಚಿಸಿ. ಒಂದೇ ಕುಣಿಕೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಹೆಣೆದರೆ ಎರಡಾಗುತ್ತದೆ. 32 ಆದವು. ಇನ್ನು 13 ಗೆರೆ ನೇರ. ಮುಂದೆ ಕಂಕುಳ ಕಡೆಯಿಂದ ಸಾಲು ಶುರುವಾಗುವಾಗ ಆರು ಹೊಸ ಕುಣಿಕೆ ಹಾಕಿಕೊಳ್ಳಿ, 38. ಅದರ ಮೇಲೆ 35 ಗೆರೆ ಹೆಣೆದು ಸಡಿಲವಾಗಿ ಮುಚ್ಚಿ. ದಾರದಲ್ಲಿಟ್ಟ ಕುಣಿಕೆಗಳನ್ನು ಕಡ್ಡಿಗೆ ತಂದು ಇನ್ನೊಂದು ಎದೆಯನ್ನೂ ಹೀಗೆಯೇ ಮಾಡಿ, ಆದರೆ ಇದರಲ್ಲಿ ಕಾಜಾ ಬರಬೇಕು. ಕತ್ತಿನ ಹೆಚ್ಚಳ ಮುಗಿದು ಎರಡನೆಯ ಗೆರೆಯಲ್ಲಿ ಒಂದು, ಅಲ್ಲಿಂದ 14 ಗೆರೆಗೊಂದರಂತೆ ಇನ್ನೆರಡು. ಮುಂದಿನ ಅಂಚಿನಿಂದ ಎರಡು ಕುಣಿಕೆ ಹೆಣೆದು, ನೂಲನ್ನು ಕಡ್ಡಿಯ ಮುಂದಕ್ಕೆ ತಂದು, ಮುಂದಿನ ಎರಡನ್ನು ಒಟ್ಟಿಗೆ ಹೆಣೆದರೆ ಒಂದು ತೂತು ಬೀಳುತ್ತದೆ. ಅದೇ ಕಾಜಾ. ಗಂಡಿಗೆ ಎಡ, ಹೆಣ್ಣಿಗೆ ಬಲ ಎಂಬ ದರ್ಜಿಯ ಕಟ್ಟಳೆಯನ್ನು ಕೂಸಿಗೆ ಹೇಳಬೇಕಾಗಿಲ್ಲ.

ಎರಡು ಪಕ್ಕೆಗಳನ್ನು ಕಂಕುಳಿನಿಂದ ಕೆಳಗೆ ಹೊಲಿದರೆ ಅಂಗಿ ಆಯಿತು. ಸುತ್ತಳತೆ 52, ಉದ್ದ 26 ಸೆಂಟಿಮೀಟರ್. ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಮಗುವಿಗೆ ಒಳ ಅಂಗಿಯ ಮೇಲೆ ಸರಿಹೋಗುತ್ತದೆ.

20 ನಿಮಿಷ ಎಲ್ಲಿಂದ ತರುವುದು? ಒಟ್ಟಿಗೆ ಇಪ್ಪತ್ತು ಹುಡುಕಬೇಡಿ. ಕುಕ್ಕರಿನ ಮೂರನೇ ವಿಷಲ್ಲಿಗೆ ಕಾಯುವಾಗ ಎರಡು ಸಾಲು, ದೊಡ್ಡ ಮಗಳನ್ನು ಶಾಲೆಯ ಗೇಟಿನಲ್ಲಿ ಕಾಯುವಾಗ ನಾಲ್ಕು, ಲಸಿಕೆಯ ಕ್ಯೂನಲ್ಲಿ ಆರು. ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡುವಾಗ ಎಷ್ಟು ಸಾಲು ಎಂದು ನಾನು ಹೇಳಬೇಕಿಲ್ಲ. ಹೆಣಿಗೆಯನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ. ಬೀರುವಿನೊಳಗೆ ಮಡಚಿಟ್ಟರೆ ತೆಗೆಯುವ ಹೊತ್ತಿಗೇ ಹೊತ್ತು ಮುಗಿದಿರುತ್ತದೆ. ಕಡ್ಡಿಯ ತುದಿಗೊಂದು ರಬ್ಬರ್ ಬ್ಯಾಂಡ್ ಸುತ್ತಿದರೆ ಅವಸರದಲ್ಲಿ ಎದ್ದರೂ ಕುಣಿಕೆ ಜಾರದು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಾತ್ರ ಹೆಣೆಯಬೇಡಿ. ಮುಗಿಸಿ ಏಳುವಾಗ ಕಡ್ಡಿ, ಸೂಜಿ, ಕತ್ತರಿ ಮೂರನ್ನೂ ಎಣಿಸಿ ಚೀಲಕ್ಕೆ ಹಾಕಿ. ರಾತ್ರಿ ಹತ್ತರ ಮೇಲೆ ಕಣ್ಣು ಎಳೆಯುತ್ತಿದ್ದರೆ ನಿದ್ದೆ ಮಾಡಿ. ಬಾಣಂತಿಯ ನಿದ್ದೆಗೆ ಸಮನಾದ ಸ್ವೆಟರ್ ಇನ್ನೂ ಯಾರೂ ಹೆಣೆದಿಲ್ಲ.

ಅಂಗಿ ಮುಗಿಸಿದ ಸಂಭ್ರಮದಲ್ಲಿ ಕೆಲವು ಮಾತು ಮರೆಯಬಾರದು. ಕತ್ತಿನ ಸುತ್ತ ರಿಬ್ಬನ್, ಲಾಡಿ, ತೂಗುವ ಕುಚ್ಚು ಬೇಡವೇ ಬೇಡ. ಎಲ್ಲಿಯಾದರೂ ಸಿಕ್ಕಿಕೊಂಡು ಉರುಲಾಗುತ್ತದೆ. ಗುಂಡಿಗಳು ಚಪ್ಪಟೆಯಾಗಿರಲಿ. ಉಲ್ಲನ್ನಿನಿಂದಲ್ಲ, ಗಟ್ಟಿ ಹೊಲಿಗೆ ದಾರದಿಂದ ಹೊಲಿದು, ಪ್ರತಿ ಒಗೆತದ ನಂತರ ಎಳೆದು ನೋಡಿ. ಅಲ್ಲಾಡಿದ ಗುಂಡಿ ನಾಳೆ ಮಗುವಿನ ಗಂಟಲಲ್ಲಿ.

ಕಾಲುಚೀಲ, ಕೈಚೀಲ ಹೆಣೆದಿದ್ದರೆ ಒಳಮಗ್ಗುಲು ತಿರುವಿ ನೋಡಿ. ಒಂದು ಸಡಿಲ ಎಳೆ ಇದ್ದರೂ ಅದು ಬೆರಳಿಗೆ ಸುತ್ತಿಕೊಂಡು, ಒದ್ದಾಡಿದಷ್ಟೂ ಬಿಗಿಯಾಗಿ, ರಕ್ತ ಓಡದಂತೆ ಮಾಡುತ್ತದೆ. ತಾಯಿಯ ತಲೆಗೂದಲಿನಿಂದಲೂ ಹೀಗೆಯೇ ಆಗುತ್ತದೆ. ಹೆರಿಗೆಯಾಗಿ ಮೂರು-ನಾಲ್ಕು ತಿಂಗಳಿಗೆ ಕೂದಲು ಉದುರುವುದು ಎಲ್ಲರಿಗೂ ಗೊತ್ತು. ಹಾಲು ಕುಡಿಸಿಯಾಯಿತು, ಬಟ್ಟೆ ಬದಲಿಸಿಯಾಯಿತು, ಆದರೂ ಮಗು ಒಂದೇ ಸಮನೆ ಅಳುತ್ತಿದ್ದರೆ ಕಾಲುಚೀಲ ಬಿಚ್ಚಿ ಹತ್ತೂ ಬೆರಳು ನೋಡಿ. ಕೆಂಪಗೆ ಊದಿ, ಎಳೆ ಒಳಗೆ ಹೂತಿದ್ದರೆ ಕೂಡಲೇ ವೈದ್ಯರಲ್ಲಿಗೆ ಓಡಿ. ಚುಕ್ಕಿ ಚುಕ್ಕಿ ತೂತಿನ ಜಾಲರಿ ಹೆಣಿಗೆಯನ್ನು ನಾನು ಮೂರು ವರ್ಷದೊಳಗಿನವರಿಗೆ ಹೇಳಿಕೊಡದಿರುವುದು ಇದಕ್ಕೇ. ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಕುಲಾವಿ. ಇದನ್ನು ಹೇಳಿದರೆ ಅಜ್ಜಿಯಂದಿರು ಮುನಿಸಿಕೊಳ್ಳುತ್ತಾರೆಂದು ಗೊತ್ತು. ಹೊರಗೆ ಎತ್ತಿಕೊಂಡು ಹೋಗುವಾಗ ಕುಲಾವಿಯೋ ಕುಂಚಿಗೆಯೋ ಇರಲಿ, ಒಳ್ಳೆಯದೇ. ಆದರೆ ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಿ. ಕೂಸು ಮೈಯ ಕಾವನ್ನು ತಲೆಯಿಂದ ಹೊರಹಾಕುತ್ತದೆ. ತಲೆ ಮುಚ್ಚಿ ನಿದ್ದೆಹೋದರೆ ಮೈ ವಿಪರೀತ ಕಾಯುತ್ತದೆ, ಕುಲಾವಿ ಜಾರಿ ಮೂಗಿಗೂ ಬರಬಹುದು. ಅತಿ ಕಾವು ಎಳೆಗೂಸುಗಳ ಹಠಾತ್ ಸಾವಿಗೆ ಒಂದು ಕಾರಣವಾಗಬಲ್ಲದೆಂದು ವೈದ್ಯರು ಎಚ್ಚರಿಸುತ್ತಾರೆ. ದಿನ ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಿನ ವಿಷಯ ಬೇರೆ, ಅಲ್ಲಿ ವೈದ್ಯರು ಹೇಳಿದಂತೆ ನಡೆಯಿರಿ.

ಮಗಳ ಬಾಣಂತನಕ್ಕೆಂದು ಅಮೆರಿಕಾಕ್ಕೆ ಹೊರಟವರೂ ಈ ಪುಟ ಓದುತ್ತೀರಿ. ಅಲ್ಲಿಯ ಚಳಿಗೆ ತೋಳು ಹೆಣೆಯಿರಿ, ಬೇಡವೆನ್ನುವುದಿಲ್ಲ. ಆದರೆ ತೆಳುವಾಗಿಯೇ ಹೆಣೆಯಿರಿ. ಅಲ್ಲಿ ಕಾರಿನಲ್ಲಿ ಮಗುವನ್ನು ಪಟ್ಟಿ ಬಿಗಿದ ಪುಟ್ಟ ಸೀಟಿನಲ್ಲೇ ಕೂರಿಸಬೇಕು. ದಪ್ಪ ಕೋಟು ತೊಡಿಸಿದರೆ ಪಟ್ಟಿ ಮೇಲೆ ಬಿಗಿಯಾಗಿ ಕಂಡರೂ ಒಳಗೆ ಸಡಿಲ. ತೆಳು ಸ್ವೆಟರ್ ತೊಡಿಸಿ ಪಟ್ಟಿ ಬಿಗಿದು, ಮೇಲೊಂದು ಹೊದಿಕೆ ಹಾಸುವುದೇ ಸರಿ. ಮಷಿನ್ನಿಗೆ ಹಾಕಿ ಒಗೆಯುವ ಮನೆಯಾದ್ದರಿಂದ, ಮಷಿನ್ ಒಗೆತಕ್ಕೆ ಆಗುತ್ತದೆಂದು ಚೀಟಿಯಲ್ಲಿ ಬರೆದಿರುವ ನೂಲನ್ನೇ ಆರಿಸಿ.

ಅಪ್ಪಟ ಉಣ್ಣೆಯಾದರೆ ಕೈಯಲ್ಲೇ ಒಗೆತ. ಬಿಸಿನೀರು, ತಿಕ್ಕುವುದು, ಕುಕ್ಕುವುದು, ಮೂರೂ ಕೂಡದು. ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಅಂಗಿ ಗೊಂಬೆಯ ಅಳತೆಗೆ ಬರುತ್ತದೆ. ಅಂಟುವಾಳದ ಕಾಯಿಯ ನೊರೆಯಲ್ಲಿ ಐದು ನಿಮಿಷ ಅದ್ದಿ, ಒತ್ತಿ ತೊಳೆದು, ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ಚಾಪೆಯ ಮೇಲೆ ನೆರಳಿನಲ್ಲಿ ಹರಡಿ. ತಂತಿಗೆ ನೇತುಹಾಕಿದರೆ ಜೋತುಬೀಳುತ್ತದೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಉಲ್ಲನ್ ಬಟ್ಟೆಯೆಲ್ಲ ಟ್ರಂಕು ಸೇರುತ್ತದೆ. ಅಂಗಿಯನ್ನು ಒಗೆದೇ ಎತ್ತಿಡಿ. ನುಸಿ ಬರುವುದು ಹಾಲು-ಬೆವರಿನ ಕಲೆ ಉಳಿದ ಉಣ್ಣೆಗೆ. ಹಳೆಯ ಪಂಚೆಯಲ್ಲಿ ಸುತ್ತಿ ಒಣಗಿದ ಬೇವಿನೆಲೆ ಇಡಿ. ಮಗುವಿನ ಬಟ್ಟೆಗೆ ನುಸಿ ಗುಳಿಗೆ ಮಾತ್ರ ಹಾಕಬೇಡಿ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆಯಿರುತ್ತದೆ, ನೋಡಿದರೆ ತಿಳಿಯುವುದಿಲ್ಲ. ಅಂಥ ಕೂಸಿಗೆ ನ್ಯಾಫ್ತಲೀನ್ ವಾಸನೆ ಹೊಡೆಯುವ ಬಟ್ಟೆ ತೊಡಿಸಿದರೆ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು, ಜೀವಕ್ಕೂ ಅಪಾಯ. ಅಕ್ಕನ ಮಗುವಿನದು, ಅತ್ತೆ ಎತ್ತಿಟ್ಟದ್ದು ಎಂದು ಗುಳಿಗೆಯ ಟ್ರಂಕಿನಿಂದ ತೆಗೆದ ಸ್ವೆಟರು-ದುಪ್ಪಟಿಯನ್ನು ಎಳೆಗೂಸಿಗೆ ನೇರವಾಗಿ ಹೊದಿಸಬೇಡಿ. ಚೆನ್ನಾಗಿ ಒಗೆದು, ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ನೋಡೋಣ. ವಾಸನೆ ಉಳಿದರೆ ಆ ಬಟ್ಟೆ ಮಗುವಿಗೆ ಬೇಡವೇ ಬೇಡ.

ಮಿಕ್ಕ ನೂಲನ್ನು ಅಂಗಿಯ ಜೊತೆಯಲ್ಲೇ ಕಟ್ಟಿಡಿ. ಎರಡನೆಯ ವರ್ಷದಲ್ಲಿ ಮಗು ಉದ್ದಕ್ಕೆ 10-12 ಸೆಂಟಿಮೀಟರ್ ಬೆಳೆದರೂ ಎದೆಯ ಸುತ್ತಳತೆ ಎರಡು-ಮೂರೇ ಸೆಂಟಿಮೀಟರ್ ಹೆಚ್ಚುತ್ತದೆ. ಅಂಗಿ ಗಿಡ್ಡವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಬರುವ ಗೌರಿ ಹಬ್ಬದ ಹೊತ್ತಿಗೆ ಕೆಳ ಅಂಚಿನಿಂದ ಕುಣಿಕೆ ಎತ್ತಿಕೊಳ್ಳಿ. ಎದೆಯ 38, ಬೆನ್ನಿನ 68, ಮತ್ತೆ 38, ಒಟ್ಟು 144. ಹತ್ತು ಗೆರೆ ಹೆಣೆದರೆ 4 ಸೆಂಟಿಮೀಟರ್ ಉದ್ದವಾಯಿತು, ದಿನಕ್ಕೆ 20 ನಿಮಿಷದ ಲೆಕ್ಕದಲ್ಲಿ ಒಂದು ವಾರದ ಕೆಲಸ. ಹಳೆಯ ಬಣ್ಣ ಸಾಲದಿದ್ದರೆ ಬೇರೆ ಬಣ್ಣದ ಪಟ್ಟಿ ಬರಲಿ, ಹಳದಿ ಅಂಗಿಗೆ ಹಸಿರಿನ ಅಂಚು ಚೆನ್ನಾಗಿಯೇ ಕಾಣುತ್ತದೆ.